ಅತ್ತೆಯ ನಾಲ್ಕು ಮುಖಗಳು

ಆ ಮುದ್ರಣಾಲಯದಲ್ಲಿ ಬಾಗಿಲಿರುವ ಕೋಣೆ, ಮೆತ್ತನೆಯ ಕುರ್ಚಿ ಎರಡೂ ಇದ್ದದ್ದು ಡಿಸೈನರ್‌ಗೆ ಮಾತ್ರ. ಮಾಲೀಕರು ಅವನ ಅಕ್ಕನ ಗಂಡ; ಆದರೂ ಹನ್ನೆರಡು ವರ್ಷಗಳಿಂದ ಬಾಗಿಲು ತಟ್ಟಿಯೇ ಒಳಗೆ ಬರುತ್ತಿದ್ದರು. ಆ ದುಬಾರಿ ಸಾಫ್ಟ್‌ವೇರ್ ಅವನೊಬ್ಬನಿಗೇ ಒಲಿದಿದೆ ಎಂಬ ಭಯಭಕ್ತಿ.

ಸೋಮವಾರ ಭಾವ ತಟ್ಟದೆ ಬಂದರು.

"ಇದಕ್ಕೆ ಚಂದಾ ಕಟ್ಟಿ ಕಟ್ಟಿ ಸಾಕಾಯ್ತು ಕಣೋ. ಅಗ್ಗದ್ದು ಮೂರು ಇದ್ಯಂತೆ. ಚಿತ್ರಾನೂ ಬರೀಬಹುದಂತೆ, ಫೋಟೋನೂ ತಿದ್ದಬಹುದಂತೆ. ಈ ವಾರ ಬೇರೆ ಕೆಲಸ ಬೇಡ, ಅದನ್ನೇ ನೋಡಿ ಹೇಳು. ಸುಲಭ ಇದ್ರೆ ಎಲ್ಲರೂ ಕಲೀತಾರೆ. ನೀನು ಕೌಂಟರ್‌ನಲ್ಲಿ ಕೂತ್ಕೋಬಹುದು."

ಕೌಂಟರ್! "ಈ ಕೆಂಪು ಇನ್ನೂ ಸ್ವಲ್ಪ ಕೆಂಪಗಿರಬೇಕಿತ್ತು" ಎಂದು ಗಿರಾಕಿಗಳು ಜೀವ ತಿನ್ನುವ ಜಾಗ. ಡಿಸೈನರ್ ಆ ಕ್ಷಣವೇ ತೀರ್ಮಾನಿಸಿದ: ಮೂರನ್ನೂ ಮುಗಿಸಬೇಕು. ಸಾಕ್ಷಿ ಉಳಿಯಬಾರದು.

ಬಲಿಗೆ ಆರಿಸಿಕೊಂಡದ್ದು ಭಾವನ ತಾಯಿಯ ಹಳೆಯ ಫೋಟೋ. ಮಡಿಕೆ ಬಿದ್ದು ಕೆನ್ನೆಯುದ್ದಕ್ಕೂ ಬಿಳಿ ಗೀರು. ಅದನ್ನು ನಾಲ್ಕೂ ಸಾಫ್ಟ್‌ವೇರ್‌ಗಳಲ್ಲಿ ತಿದ್ದಿ, ಮೂಲೆಯಲ್ಲೊಂದು ಗಿಳಿ ಬರೆದು, ಮುದ್ರಿಸಿ ಗೋಡೆಗೆ ಅಂಟಿಸುವುದು. ಅಗ್ಗದ ಮೂರು ಕೆಡಬೇಕು, ಅದೂ ನಂಬುವ ಹಾಗೆ ಕೆಡಬೇಕು.

ಕೆಡಿಸುವುದೇ ಕಷ್ಟವಾಯಿತು. ಮೊದಲನೆಯದು ಒಂದೇ ಒತ್ತಿಗೆ ಗೀರನ್ನು ಅಳಿಸಿಬಿಟ್ಟಿತು; ಅವನು ಬೆವರು ಸುರಿಸಿ ಅತ್ತೆಗೆ ಮೀಸೆಯ ನೆರಳು ತರಬೇಕಾಯಿತು. ಎರಡನೆಯದರಲ್ಲಿ ಒಂದು ಕಿವಿಯನ್ನು ಬೆರಳಷ್ಟು ಕೆಳಗಿಳಿಸಿದ. ಮೂರನೆಯದರಲ್ಲಿ ಗಿಳಿಯ ಹಸಿರನ್ನು ಗಲ್ಲಕ್ಕೆ ಹರಿಸಿದ.

ಆದರೆ ಆ ಮೂರನೆಯದರ ಕುಂಚವೋ, ಬೆಣ್ಣೆಯಲ್ಲಿ ಜಾರಿದ ಹಾಗೆ ಓಡುತ್ತಿತ್ತು. ಬಿಡಲು ಮನಸ್ಸೇ ಬರಲಿಲ್ಲ. ದುಬಾರಿಯದರ ಪ್ರತಿಯನ್ನೂ ಇದರಲ್ಲೇ ಮಾಡಿದರೆ ಕಾಗದ ನೋಡಿ ಯಾರಿಗೆ ತಿಳಿಯುತ್ತದೆ? ಇಪ್ಪತ್ತೇ ನಿಮಿಷದಲ್ಲಿ ಅತ್ತೆ ಗೀರಿಲ್ಲದೆ ನಕ್ಕರು. ಕೆಳಗೆ 'ನಮ್ಮ ಹಳೆಯದು' ಎಂದು ಚೀಟಿ ಅಂಟಿಸಿ, ಅಗ್ಗದ ಮೂರನ್ನೂ ಕಂಪ್ಯೂಟರಿನಿಂದ ಅಳಿಸಿ, ನಿರಾಳವಾಗಿ ಕಾಫಿ ಕುಡಿದ.

ಶುಕ್ರವಾರ ಭಾವ ತಾಯಿಯನ್ನೂ ಕರೆತಂದರು. ಅತ್ತೆ ಕನ್ನಡಕ ಏರಿಸಿಕೊಂಡು ಮೊದಲ ಚಿತ್ರದೆದುರು ನಿಂತರು.

"ಇದ್ಯಾರೋ? ನಮ್ಮಣ್ಣನ ಥರ ಇದಾನೆ."

"ನೀವೇ ಅತ್ತೆ. ಅಗ್ಗದ್ದರಲ್ಲಿ ಇಷ್ಟೇ ಆಗೋದು," ಎಂದು ಡಿಸೈನರ್ ನಿಟ್ಟುಸಿರಿಟ್ಟ.

ಕಿವಿಯನ್ನು ನೋಡಿ ಅವರು ತಮ್ಮ ಕಿವಿ ಮುಟ್ಟಿಕೊಂಡರು. ಮೂರನೆಯದಕ್ಕೆ, "ನನಗೇನು ಪಾಚಿ ಕಟ್ಟಿತ್ತಾ?" ಎಂದು ರೇಗಿದರು. ನಾಲ್ಕನೆಯದರ ಮುಂದೆ ನಿಂತು ಕಣ್ಣೊರೆಸಿಕೊಂಡರು.

"ಹೀಗೇ ಇದ್ದೆ ಕಣೋ ನಾನು."

ಡಿಸೈನರ್ ಒಳಗೊಳಗೇ ಹಿಗ್ಗಿದ. ಭಾವ ಚೀಟಿಯನ್ನು ಎರಡು ಸಲ ಓದಿದರು.

"ಹಳೇದರಲ್ಲೇ ಮಾಡಿದ್ಯಾ? ಯಾವಾಗ?"

"ನಿನ್ನೆ, ಭಾವ. ಇಡೀ ಮಧ್ಯಾಹ್ನ ಹಿಡೀತು. ಅದರ ಗತ್ತೇ ಬೇರೆ."

ಭಾವ ಮೆತ್ತನೆಯ ಕುರ್ಚಿಯಲ್ಲಿ ಕೂತು ಹಳೆಯ ಸಾಫ್ಟ್‌ವೇರ್ ತೆರೆಯಲು ಹೋದರು. ಅದು ತೆರೆಯಲಿಲ್ಲ. ಪರದೆಯ ನಡುವೆ ಒಂದು ಬೂದು ಚೌಕ ಮೂಡಿತು: ಚಂದಾ ಅವಧಿ ಕಳೆದ ಭಾನುವಾರಕ್ಕೆ ಮುಗಿದಿದೆ. ಮೊದಲು ಕೆಡಿಸುವ ಗಡಿಬಿಡಿ, ಆಮೇಲೆ ಬೆಣ್ಣೆಯಂಥ ಕುಂಚ; ಹಳೆಯದನ್ನು ಇಡೀ ವಾರ ಒಮ್ಮೆಯೂ ತೆರೆದು ನೋಡಿಲ್ಲವೆಂದು ಡಿಸೈನರ್‌ಗೆ ಹೊಳೆದದ್ದು ಆಗಲೇ.