ಅವರ ಕಣ್ಣಿನ ಪರದೆ

ಕಣ್ಣಳತೆ ಪರದೆ ತನ್ನ ಮುಂದೆ ಕೂತವರ ಕಣ್ಣನ್ನು ಮೊದಲು ಓದುತ್ತಿತ್ತು; ಆಮೇಲೆ ತನ್ನನ್ನು ಅವರಿಂದ ಓದಿಸಿಕೊಳ್ಳುತ್ತಿತ್ತು. ನೋಟದಲ್ಲಿ ಎಷ್ಟು ದೋಷವಿದೆಯೋ ಅಳೆದು, ಅಕ್ಷರಗಳನ್ನು ಅದಕ್ಕೆ ವಿರುದ್ಧವಾಗಿ ತಿರುಚುವುದು ಅದರ ಕೆಲಸ. ತಿರುಚಿದ ಅಕ್ಷರ ಆ ಕಣ್ಣನ್ನು ಹೊಕ್ಕಾಗ ನೆಟ್ಟಗಾಗುತ್ತಿತ್ತು. ಈ ಪರದೆ ಬಂದ ಮೇಲೆ ಗದಗಿನ ಕನ್ನಡಕದ ಅಂಗಡಿಗಳು ಒಂದೊಂದಾಗಿ ಮೊಬೈಲ್ ಕವರ್ ಮಾರತೊಡಗಿದವು.

ನೀಲಾಂಬಿಕಾಳ ಮನೆಯ ಪರದೆ ಮಾತ್ರ ಮಸುಕಾಗಿತ್ತು. ಅವಳ ಗಂಡ ಮಹಾರುದ್ರಪ್ಪ ಲಗ್ನಪತ್ರಿಕೆಯ ಅಕ್ಷರ ಜೋಡಿಸುತ್ತಿದ್ದ ಕಂಪ್ಯೂಟರಿನ ಪರದೆ ಅದು. ಒಂದು ಸಂಜೆ ಅವನ ಸ್ಕೂಟರ್ ನಿಂತ ಲಾರಿಗೆ ಗುದ್ದಿ ಅವನು ತೀರಿಕೊಂಡಿದ್ದ. ಲಾರಿಯ ಹಿಂದಿನ ದೀಪ ಆರಿತ್ತೆಂದು ಕೇಸಾಗಿ ಚಾಲಕ ಫಕೀರಪ್ಪ ಜೈಲು ಸೇರಿದ್ದ. ದೀಪ ಹತ್ತಿತ್ತೆಂದು ಅವನು ಎಷ್ಟು ಗೋಗರೆದರೂ ಯಾರೂ ನಂಬಲಿಲ್ಲ. ಗಂಡನದು ಹದ್ದಿನ ಕಣ್ಣು, ಅಕ್ಷರದ ಕೊಂಬು ಒಂದು ಸೊಟ್ಟಗಾದರೂ ಹಿಡಿಯುತ್ತಿದ್ದ ಎಂದು ನೀಲಾಂಬಿಕಾ ಕೋರ್ಟಿನಲ್ಲಿ ಸಾಕ್ಷಿ ನುಡಿದಿದ್ದಳು. ತೀರ್ಪೊಂದೇ ಬಾಕಿ.

ಪತ್ರಿಕೆ ಜೋಡಿಸುವ ಕೆಲಸ ಈಗ ಅವಳ ಪಾಲಿಗೆ ಬಂದಿತ್ತು. ಕಂಪನಿಯವರಿಗೆ ದೋಷ ತಿಳಿಯದೆ, ಪರದೆಯನ್ನು ರೂಪಿಸಿದ ವಿಜ್ಞಾನಿ ಡಾ. ಸುಮಿತ್ರಾ ಬೆಳ್ಳಾವೆ ಅವರೇ ಬಂದರು. ಕಂಪನಿಗೆ ಫೋನ್ ಮಾಡಿದಾಗ ಅಲ್ಲಿನ ಉತ್ತರಿಸುವ ಯಂತ್ರ ಏನು ಹೇಳಿತೆಂದು ಅವರು ಕೇಳಿದಾಗ, ನೀಲಾಂಬಿಕಾ ಮೂಗಿನಲ್ಲಿ ಅದರದೇ ದನಿ ತೆಗೆದಳು: "ದಯವಿಟ್ಟು ಕಣ್ಣು ಮಿಟುಕಿಸಿ, ಮತ್ತೊಮ್ಮೆ ಪ್ರಯತ್ನಿಸಿ." ಆಮೇಲೆ ತನ್ನ ದನಿಯಲ್ಲೇ ಅಂದಳು: "ಮಿಟುಕಿಸಿ ಮಿಟುಕಿಸಿ ರೆಪ್ಪಿ ನೋಯಾಕತ್ಯಾವ್ರಿ."

ಸುಮಿತ್ರಾ ನಕ್ಕರು. ವೈರು ಬದಲಿಸಿದರು, ಚಿತ್ರದ ಅಳತೆ ಹಿಗ್ಗಿಸಿ ಕುಗ್ಗಿಸಿದರು. ಮಸುಕು ಕದಲಲಿಲ್ಲ. ಕೊನೆಗೆ ಪರದೆಯ ಒಳ ನೆನಪನ್ನು ತೆರೆದು ನೋಡಿದಾಗ ಅವರ ನಗು ನಿಂತಿತು.

"ಪರದೆ ಕೆಟ್ಟಿಲ್ಲಮ್ಮ. ಇದು ಇನ್ನೂ ನಿಮ್ಮ ಯಜಮಾನರ ಕಣ್ಣಿಗೇ ತೋರಿಸ್ತಿದೆ. ಅವರ ಅಳತೆ ಅಳಿಸೋವರೆಗೂ ಬೇರೆಯವರದ್ದು ತಗೊಳ್ಳಲ್ಲ."

"ಅವರ ಕಣ್ಣು ಚೊಲೋ ಇತ್ತಲ್ರಿ."

ಇರಲಿಲ್ಲ. ಆ ಕಣ್ಣು ನಿಧಾನವಾಗಿ ಹಾಳಾಗುತ್ತ ಬಂದಿತ್ತು. ಪರದೆ ಸದ್ದಿಲ್ಲದೆ ತಿರುಚುವಿಕೆಯನ್ನು ಹೆಚ್ಚಿಸುತ್ತ ಹೋಗಿತ್ತು. ಇಡೀ ದಿನ ಅದರ ಮುಂದೆ ಕೂತವನಿಗೆ ಜಗತ್ತು ಸ್ಪಷ್ಟವಾಗಿಯೇ ಇತ್ತು. ದಾರಿಯಲ್ಲಿ ಎದುರಾದವರನ್ನು ಗಂಡ ಮಾತಾಡಿಸುತ್ತಿಲ್ಲ, ಸೊಕ್ಕು ಬಂದಿದೆ ಎಂದು ಓಣಿಯವರು ಆಡಿಕೊಂಡದ್ದು ನೀಲಾಂಬಿಕಾಳಿಗೆ ನೆನಪಾಯಿತು. ಆ ಮಾತಿಗೆ ಅವಳೂ ನಕ್ಕಿದ್ದಳು.

"ಕಣ್ಣು ಕೆಟ್ಟೈತಿ ಅಂತ ಇದು ಯಾಕ ಹೇಳಲಿಲ್ರಿ?"

"ಹೇಳೋ ಹಾಗೆ ಮಾಡಬಹುದಿತ್ತು. ನಿಮ್ಮ ಕಣ್ಣು ಸರಿಯಿಲ್ಲ ಅಂತ ದಿನಾ ಹೇಳೋ ಪರದೆ ಯಾರು ಕೊಳ್ತಾರೆ ಅಂತ ಬಿಟ್ವಿ."

ನೀಲಾಂಬಿಕಾ ಪರದೆಯ ಮಸುಕು ಅಕ್ಷರವೊಂದರ ಮೇಲೆ ಬೆರಳಿಟ್ಟಳು.

"ಸಂಜಿಮುಂದ ಲಾರಿ ದೀಪ ಹತ್ತಿತ್ತಂದ್ರ, ಅವರಿಗೆ ಕಾಣ್ತಿತ್ತೇನ್ರಿ?"

"ಕೆಂಪಗೆ ಹರಡಿಕೊಂಡ ಹಾಗೆ. ಎಷ್ಟು ದೂರ ಅಂತ ತಿಳೀತಿರಲಿಲ್ಲ." ಸುಮಿತ್ರಾ ದನಿ ತಗ್ಗಿಸಿದರು. "ನಿಮ್ಮ ಅಳತೆ ಹಾಕಿಬಿಡಲಾ? ಹಾಕಿದ್ರೆ ಅವರದು ಅಳಿಸಿಹೋಗುತ್ತೆ. ಆಮೇಲೆ ಯಾರೂ ಕೇಳಲ್ಲ, ನಿಮ್ಮನ್ನೂ, ನನ್ನನ್ನೂ."

ಅವರ ಬೆರಳು ಗುಂಡಿಯ ಮೇಲಿತ್ತು. ನೀಲಾಂಬಿಕಾ ಆ ಕೈಯನ್ನು ಮೆಲ್ಲಗೆ ಸರಿಸಿ ವೈರು ಕಿತ್ತಳು. ಹಾಸಿಗೆಯ ಚಾದರ ತಂದು ಪರದೆಗೆ ಸುತ್ತಿದಳು, ಕೂಸಿಗೆ ಸುತ್ತಿದ ಹಾಗೆ.

"ನಡೀರಿ ಕೋರ್ಟಿಗೆ. ನಾ ಒಬ್ಬಾಕಿನ ಹೇಳಿದ್ರ ಈಗ ನಂಬೂದಿಲ್ಲ ಅವರು."

ಸುಮಿತ್ರಾ ಬಾಗಿಲ ಕಡೆ ನೋಡಿದರು. ಆಮೇಲೆ ಪರದೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡರು.