ಈ ಜೋಡಿಗೆ ಕಪ್ಪು ಬೇಡ

"ನೀವು ನನಗೆ ಎರಡು ಬೇರೆ ಬೇರೆ ಮರದ ಸ್ಪೀಕರ್ ಕೊಟ್ಟಿದ್ದೀರಿ," ಅಂದ ಬಂದವನು, ಕೂರುವ ಮೊದಲೇ.

ಉಜ್ಜಮ್ಮನ ಕೈಯಲ್ಲಿದ್ದ ಎಣ್ಣೆ ಬಟ್ಟೆ ಅಲ್ಲೇ ನಿಂತಿತು. ಅಪ್ಪ ಬಿಟ್ಟುಹೋದ, ಅಣ್ಣ ನಡೆಸುತ್ತಿದ್ದ ವರ್ಕ್‌ಶಾಪಿನಲ್ಲಿ ಹತ್ತು ವರ್ಷದಿಂದ ಸ್ಪೀಕರ್ ಪೆಟ್ಟಿಗೆಗಳನ್ನು ಉಜ್ಜಿ ಉಜ್ಜಿ ಅವಳಿಗೆ ಆ ಅಡ್ಡಹೆಸರು ಅಂಟಿಕೊಂಡಿತ್ತು. ಯಾರು ಹಾಗೆ ಕರೆದರೂ ನಗುತ್ತಿದ್ದಳು. ಆದರೆ ಅವಳ ಕೆಲಸದಲ್ಲಿ ತಪ್ಪು ಹುಡುಕಿದರೆ ಸಾಕು, ಕೋಪ ಮೂಗಿನ ತುದಿಗೆ ಬಂದು ಕೂರುತ್ತಿತ್ತು.

ಸೊಂಟದೆತ್ತರದ ಎರಡು ಸ್ಪೀಕರ್‌ಗಳನ್ನೂ ಅವನು ಕಾರಿನಲ್ಲಿ ಹೇರಿಕೊಂಡು ತಂದಿದ್ದ. ಒಂದು ಚೆನ್ನಾಗಿ ಕೆಂಪಾಗಿತ್ತು. ಇನ್ನೊಂದು ಹಾಲು ಜಾಸ್ತಿಯಾದ ಚಹಾದ ಹಾಗೆ ಪೇಲವವಾಗಿತ್ತು. ಅವಳು ಬಗ್ಗಿ ನೋಡಿದಳು. ಪೇಲವವಾದದ್ದರ ಬುಡದಲ್ಲಿ ಮಾತ್ರ ಒಂದು ಬೆರಳಗಲ ಕೆಂಪು ಗೆರೆ ಇತ್ತು.

"ಇದಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ರಾ?"

ಅವನು ಗೋಡೆ ನೋಡುತ್ತ ನಿಂತಿದ್ದ. ಉತ್ತರವೇ ಇಲ್ಲ. ಅಬ್ಬಾ, ಏನು ಜಂಭ ಇವನದು! ಅವಳು ಎದುರಿಗೇ ಹೋಗಿ ಇನ್ನೊಮ್ಮೆ ಕೇಳಿದಳು. ಆಗ ಅವನು ಮುಖವನ್ನು ತುಸು ಓರೆ ಮಾಡಿ, ರೆಪ್ಪೆ ಕೂಡ ಬಡಿಯದೆ ಅವಳ ಮುಖವನ್ನೇ ನೋಡಿದ. ಹಾಗೆ ಯಾರಾದರೂ ನೋಡುತ್ತಾರಾ? ಅವಳ ಕೆನ್ನೆ ಬಿಸಿಯಾಯಿತು.

"ಹೌದು, ಎಂಟು ತಿಂಗಳಿಂದ. ಧೂಳು ಕೂರಬಾರದು ಅಂತ."

"ಇನ್ನೊಂದರ ಮೇಲೆ ಧೂಳು ಕೂರಲ್ವಾ?"

ಅವನು ತನ್ನ ಶೂ ನೋಡಿಕೊಂಡ.

"ಇದು ಚೆರಿ ಮರ ರೀ. ಬೆಳಕು ಬಿದ್ದಷ್ಟೂ ಕೆಂಪಾಗುತ್ತೆ. ಒಂದನ್ನ ಬೆಳಕಲ್ಲಿಟ್ಟು ಇನ್ನೊಂದಕ್ಕೆ ಮುಸುಕು ಹಾಕಿದ್ರೆ ಹೀಗೇ ಆಗೋದು. ಒಂದೇ ದಿಮ್ಮಿಯಿಂದ ಒಂದರ ಪಕ್ಕ ಒಂದು ಸೀಳಿದ ಹಾಳೆಗಳು ಇವು. ನಾನೇ ಆರಿಸಿ ಅಂಟಿಸಿದ್ದು. ಬೇರೆ ಮರ ಅಂತೆ!"

ಜಗಳ ಕೇಳಿ ಅಣ್ಣ ಆಫೀಸಿನಿಂದ ಹೊರಗೆ ಬಂದ. ಗಿರಾಕಿ ಮುಖ ಗಂಟು ಹಾಕಿಕೊಂಡರೆ ಅಣ್ಣನ ಹತ್ತಿರ ಇದ್ದದ್ದು ಒಂದೇ ಮದ್ದು. "ತಲೆ ಕೆಡಿಸ್ಕೋಬೇಡಿ ಸರ್. ಎರಡಕ್ಕೂ ಕಪ್ಪು ಬಣ್ಣ ಸ್ಪ್ರೇ ಮಾಡಿಸಿ, ಮುಖ ಕಾಣೋ ಹಾಗೆ ಪಾಲಿಶ್ ಮಾಡಿ ಕೊಡ್ತೀನಿ."

"ಕಪ್ಪು ಬೇಡ," ಅಂದಳು ಉಜ್ಜಮ್ಮ. ಅದೇ ಹೊತ್ತಿಗೆ ಗಿರಾಕಿಯೂ "ಕಪ್ಪು ಬೇಡ" ಅಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಮೊದಲು ಬಂದದ್ದು ಅವನಿಗೆ.

ಪೇಲವವಾದದ್ದು ಕಿಟಕಿಯ ಬಿಸಿಲಿಗೆ ಹೋಯಿತು, ಕೆಂಪಾದದ್ದು ಕಂಬಳಿಯೊಳಗೆ. ದಿನಕ್ಕೆರಡು ಸಲ ತಿರುಗಿಸಬೇಕು. ಹತ್ತು ವಾರವಾದರೂ ಬೇಕು ಅಂದಳು. "ನಾನು ಶನಿವಾರ ಶನಿವಾರ ಬಂದು ನೋಡ್ತೀನಿ," ಅಂದ ಅವನು. ಅವನಿಗೊಂದು ಕನ್ನಡಕದ ಅಂಗಡಿ ಇತ್ತು, ಶನಿವಾರ ಮಧ್ಯಾಹ್ನ ಮುಚ್ಚುತ್ತಿದ್ದ.

ಬಂದ. ಬರುತ್ತಲೇ ಇದ್ದ. "ಎಡಗಡೆ ಮೂಲೆ ಇನ್ನೂ ತಿಳಿ ಇದೆ," ಅನ್ನುತ್ತಿದ್ದ, ಅದು ನಿಜವೇ ಆಗಿರುತ್ತಿತ್ತು. ಅಂಥ ಕಣ್ಣು ಅವಳು ಇನ್ನೊಬ್ಬರಲ್ಲಿ ಕಂಡಿರಲಿಲ್ಲ. ಅವಳು ಅವನಿಗೆ ಎಣ್ಣೆ ಹಚ್ಚುವುದನ್ನು ಕಲಿಸಿದಳು. ಹಳೇ ಹತ್ತಿ ಬಟ್ಟೆ, ನಾಲ್ಕೇ ಹನಿ, ಮರದ ಗೆರೆ ಹೋದ ಕಡೆಗೇ ಕೈ ಹೋಗಬೇಕು, ಉಳಿದದ್ದನ್ನು ಒಣಬಟ್ಟೆಯಲ್ಲಿ ಒರೆಸಿಬಿಡಬೇಕು.

"ಪಾತ್ರೆ ತಿಕ್ಕೋ ಹಾಗೆ ತಿಕ್ಕಬೇಡಿ!"

"ಹೀಗಾ?"

"ಇನ್ನೂ ಮೆತ್ತಗೆ."

ಅವಳು ಅವನ ಬೆರಳ ಮೇಲೆ ಬೆರಳಿಟ್ಟು ತೋರಿಸಿದಳು. ತೋರಿಸಿ ಆದ ಮೇಲೂ ಕೈ ತೆಗೆಯಲು ಮರೆತಳು. ಮರೆತಳು ಅಂತ ಅವಳು ಹೇಳಿಕೊಂಡದ್ದು, ನಾವು ನಂಬಬೇಕು.

ಐದನೇ ಶನಿವಾರ ಅವನಾಗಿಯೇ ಬಾಯಿ ಬಿಟ್ಟ. "ಧೂಳಿಗೆ ಅಂತ ಹೇಳಿದ್ದು ಸುಳ್ಳು. ನನಗೆ ಬಲಗಿವಿ ಕೇಳಲ್ಲ, ಚಿಕ್ಕಂದಿನಿಂದ. ನನಗೆ ಒಂದು ಸ್ಪೀಕರ್ ಸಾಕು. ಕೊಳ್ಳೋವಾಗ ಒಂದೇ ಕೊಡಿ ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ, ನಾಚಿಕೆ ಆಯ್ತು. ಮನೆಗೆ ತಂದು ಬಲಗಡೆಯದನ್ನ ಮುಚ್ಚಿಟ್ಟೆ."

ಅವಳು ಎಣ್ಣೆ ಬಟ್ಟೆ ಕೆಳಗಿಟ್ಟಳು. ಜಂಭ ಅಂದುಕೊಂಡಿದ್ದೆನಲ್ಲ, ಛೆ! ಆಮೇಲೆ ಇನ್ನೊಂದು ಯೋಚನೆ ಬಂತು. "ಹಾಗಾದ್ರೆ ನೀವು ಮುಖ ಓರೆ ಮಾಡಿ ನನ್ನ ನೋಡ್ತಿದ್ದದ್ದು..."

"ಕೇಳಿಸ್ಕೊಳ್ಳೋಕೆ."

"ಓ." ಅವಳ ಮುಖ ಸಪ್ಪಗಾಯಿತು.

"ಮೊದಲೆರಡು ವಾರ," ಅಂದ ಅವನು. "ಆಮೇಲೆ ನೋಡೋಕೇ."

ಇಬ್ಬರ ಸುದ್ದಿಯೂ ಆ ಕಿವಿಯ ವಿಷಯವೂ ವರ್ಕ್‌ಶಾಪಿನ ಹುಡುಗರ ಬಾಯಿಂದ ಅಣ್ಣನಿಗೆ ಮುಟ್ಟಲು ತಡವಾಗಲಿಲ್ಲ. ಒಂಬತ್ತನೇ ವಾರದ ಶುಕ್ರವಾರ ಸಂಜೆ ಮನೆಯಲ್ಲಿ ರಾಮಾಯಣವೇ ಆಯಿತು. "ಸ್ಪೀಕರ್ ಮಾಡೋರ ಮನೆಗೆ ಕಿವುಡ ಅಳಿಯ! ಕೇಳಿದೋರು ಏನಂತಾರೆ?" ಅಂದ ಅಣ್ಣ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೂವತ್ತೆರಡು ವರ್ಷದ ಮಗಳು ಏನು ಹೇಳುತ್ತಾಳೆ ಅಂತ ಯಾರೂ ಕೇಳಲಿಲ್ಲ. ಅವಳು ಹೇಳಿದಳು. "ನನಗೆ ಅವರು ಇಷ್ಟ."

ಅಣ್ಣ ಕೇಳಿಸದವನ ಹಾಗೆ ಎದ್ದು ಹೋದ. ಎರಡೂ ಕಿವಿ ಚೆನ್ನಾಗಿದ್ದವನು!

ಶನಿವಾರ ಅವಳು ವರ್ಕ್‌ಶಾಪಿಗೆ ಹೋದಾಗ ಕಿಟಕಿಯ ಬಳಿ ಸ್ಪೀಕರ್ ಇರಲಿಲ್ಲ, ಕಂಬಳಿಯೊಳಗೂ ಇರಲಿಲ್ಲ. ಓಡಿದಳು. ಸ್ಪ್ರೇ ರೂಮಿನಲ್ಲಿ ಎರಡೂ ನಿಂತಿದ್ದವು, ಮುಂದಿನ ಭಾಗಕ್ಕೆ ಪೇಪರ್ ಅಂಟಿಸಿತ್ತು. ಪೇಂಟರ್ ಕೈಯಲ್ಲಿ ಗನ್ ಇತ್ತು, ಒಳಗೆ ಕಪ್ಪು ತುಂಬಿತ್ತು. ಪಕ್ಕದಲ್ಲಿ ಅಣ್ಣ.

"ಇವತ್ತು ಬಣ್ಣ, ನಾಳಿದ್ದು ಡೆಲಿವರಿ. ಆಮೇಲೆ ಅವನು ಈ ಕಡೆ ತಲೆ ಹಾಕೋ ಕಾರಣ ಇರಲ್ಲ," ಅಂದ ಅಣ್ಣ.

ಈ ಬಣ್ಣ ಬಿದ್ದರೆ ಮರ ಒಂದೇ ಹೋಗುವುದಿಲ್ಲ, ಈ ಮನೆಯಲ್ಲಿ ತನ್ನ ಮಾತಿಗೆ ಇನ್ನು ಮೂರು ಕಾಸಿನ ಬೆಲೆ ಇರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಸೀದಾ ಹೋಗಿ ಸ್ಪೀಕರ್‌ಗಳಿಗೆ ಬೆನ್ನು ಕೊಟ್ಟು ನಿಂತಳು.

"ಹೊಡೀರಿ. ಮೊದಲು ನನಗೇ ಬೀಳ್ಲಿ."

ಪೇಂಟರ್ ಗನ್ ಕೆಳಗಿಟ್ಟ. "ಅಕ್ಕ ನಿಂತಿರೋವಾಗ ನನ್ನ ಕೈಯಲ್ಲಿ ಆಗಲ್ಲ ಸರ್."

"ನಾಟಕ ಸಾಕು!" ಅಂತ ಅಣ್ಣ ಗದರಿದ. "ಯಾರಿಗೋಸ್ಕರ ಇದೆಲ್ಲ? ಅರ್ಧ ಕಿವುಡನಿಗೋಸ್ಕರ!"

ಬಾಗಿಲಲ್ಲಿ ಕನ್ನಡಕದ ಅಂಗಡಿಯವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಕಪ್ಪೇ ಹೊಡೆದುಬಿಡಿ," ಅಂದ ಮೆಲ್ಲಗೆ. "ನನ್ನಿಂದ ನಿಮ್ಮ ಮನೇಲಿ ಜಗಳ ಬೇಡ. ನಾನು ಇನ್ನು ಬರಲ್ಲ."

ಅಣ್ಣನ ಮೇಲೆ ಬಾರದಷ್ಟು ಸಿಟ್ಟು ಅವಳಿಗೆ ಈಗ ಬಂತು.

"ನಿಮಗೆ ನಾನು ಬೇಡ ಅಂದ್ರೆ ಬೇಡ ಅನ್ನಿ. ಅತ್ತುಕೊಂಡು ಸುಮ್ಮನಾಗ್ತೀನಿ. ಆದ್ರೆ ನಮ್ಮಣ್ಣನ ಪರವಾಗಿ ಬೇಡ ಅನ್ನೋಕೆ ನೀವ್ಯಾರು? ಒಂಬತ್ತು ವಾರ ಬಿಸಿಲಿಗೆ ತಿರುಗಿಸಿದ್ದು ನಾನು. ನಿಮ್ಮನ್ನ ಇಷ್ಟಪಟ್ಟಿದ್ದೂ ನಾನು. ಹೇಳಿ, ಬೇಕಾ ಬೇಡವಾ?"

ಅವನು ಒಳಗೆ ಬಂದ. ಅಣ್ಣನ ಎದುರು ನಿಂತು, ಜನ್ಮದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ಆ ಮಾತು ಆಡಿದ. "ಹೌದು ಸರ್, ನನಗೆ ಬಲಗಿವಿ ಕೇಳಲ್ಲ. ಅದನ್ನ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ." ಆಮೇಲೆ ಅವಳ ಕಡೆ ತಿರುಗಿದ. "ಬೇಕು. ಬೇಕೇ ಬೇಕು."

"ಹಾಗಾದ್ರೆ ಅವನ ಜೊತೆ ಹೋಗು," ಅಂದ ಅಣ್ಣ. "ಹೋದ್ಮೇಲೆ ಈ ಹೊಸಿಲು ತುಳೀಬೇಡ."

"ಯಾಕೆ ತುಳೀಬಾರದು?" ಉಜ್ಜಮ್ಮ ಸ್ಪೀಕರ್‌ಗೆ ಅಂಟಿಸಿದ್ದ ಪೇಪರನ್ನು ಪರ್ರನೆ ಕಿತ್ತು ಅಣ್ಣನ ಕೈಗಿಟ್ಟಳು. "ಇದು ಅಪ್ಪ ನಮ್ಮಿಬ್ಬರಿಗೂ ಬಿಟ್ಟುಹೋದ ವರ್ಕ್‌ಶಾಪ್. ಮದುವೆನೂ ಆಗ್ತೀನಿ, ಸೋಮವಾರ ಒಂಬತ್ತಕ್ಕೆ ಕೆಲಸಕ್ಕೂ ಬರ್ತೀನಿ. ಎರಡರಲ್ಲಿ ಒಂದು ಬಿಡು ಅನ್ನೋಕೆ ನೀನು ಯಾವ ಸೀಮೆ ಅಣ್ಣ? ನನ್ನ ಬೆಂಚ್ ಮುಟ್ಟಿದ್ರೆ ನೋಡು!"

ಅಣ್ಣ ಆ ಪೇಪರ್ ಹಿಡಿದುಕೊಂಡೇ ನಿಂತ. ಕೊನೆಗೆ, "ಒಂಬತ್ತು ಅಂದ್ರೆ ಒಂಬತ್ತು. ಹತ್ತು ನಿಮಿಷ ತಡ ಆಗೋದೆಲ್ಲ ಬೇಡ," ಅಂತ ಗೊಣಗಿ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡ.

ಕನ್ನಡಕದವನು ಅವಳ ಕೈ ಹಿಡಿದುಕೊಂಡ. ಹೇಗೆ ಹಿಡಿಯಬೇಕು ಅಂತ ಈ ಸಲ ಅವಳು ಕಲಿಸಬೇಕಾಗಲಿಲ್ಲ.

"ಮದುವೆ ಅಂದುಬಿಟ್ರಲ್ಲ," ಅಂದ ಅವನು. "ನಾನಿನ್ನೂ ಕೇಳೇ ಇರಲಿಲ್ಲ."

"ಈಗ ಕೇಳಿ."

ಪೇಂಟರ್ ನಗುತ್ತ ಹೊರಗೆ ಹೋದ. ಕನ್ನಡಕದವನು ಕೇಳಿದ.