ಕೋಣೆ ನುಂಗಿದ ದನಿ

"ಈ ಹಾಡನ್ನ ಹೀಗೆ ಮಾಡಿದ್ದು ಯಾರು? ನನ್ನ ದನಿ ಮರ ಹೊತ್ತ ಲಾರಿ ಹೋದ ಹಾಗಿದೆ."

ಬಾಗಿಲಲ್ಲಿ ನಿಂತವನನ್ನು ಸೆರ್ವಾ ದಿಟ್ಟಿಸಿದಳು. ಕುಮಾಸಿ ನಗರದ ಪೇಟೆಯಲ್ಲಿ ಹಳೆ ಬಟ್ಟೆಯ ಮೂಟೆ ಮಾರುವ ಆಂಟ್ವಿ. ಚರ್ಚಿನ ಗಾಯನ ತಂಡದ ಅತಿ ತಗ್ಗಿನ ದನಿ ಅವನದು. ಆ ತಂಡದ ಹಾಡನ್ನು ಮುದ್ರಿಸಿ, ದನಿಗಳನ್ನು ಏರಿಸಿ ಇಳಿಸಿ ಹದ ಮಾಡುವ ಕೆಲಸ ಅವಳದು.

"ನಾನೇ. ಇಲ್ಲಿ ಸರಿಯಾಗೇ ಕೇಳುತ್ತೆ."

"ನನ್ನ ಅಂಗಡೀಲಿ ಹಾಕಿ ನೋಡಿ ಮೇಡಂ, ತಗಡಿನ ಬಾಗಿಲು ನಡುಗುತ್ತೆ."

ಅವಳು ಮುಖಕ್ಕೇ ಬಾಗಿಲು ಹಾಕಿದಳು.

ಆದರೆ ಹಾಡು ಹಿಂದೆ ಬಂದದ್ದು ಇದು ಮೂರನೇ ಸಲ. ಅಮ್ಮ ಬಿಟ್ಟುಹೋದ ಕೋಣೆಯಲ್ಲಿ ಕೂತು ತಿದ್ದಿದಾಗ ಎಲ್ಲವೂ ಹದವಾಗಿರುತ್ತಿತ್ತು. ಹೊರಗೆ ಹೋದರೆ ಬರೀ ಗುಡುಗು...

ಸಂಜೆ ತಂಡದ ಹಿರಿಯ ಬೊಆಡಿ ಫೋನ್ ಮಾಡಿದರು. "ಆಂಟ್ವಿ ಇದು ಬೇಡ ಅಂದ ಕಣಮ್ಮ. ಶನಿವಾರ ನಾಲ್ಕರೊಳಗೆ ಸರಿ ಮಾಡು. ಇಲ್ಲದಿದ್ರೆ ಬೇರೆಯವರಿಗೆ ಕೊಡ್ತೀವಿ."

ಈ ಕೆಲಸವೂ ಹೋದರೆ ಕೋಣೆಯನ್ನು ಕೂದಲು ಹೆಣೆಯುವ ಅಂಗಡಿಗೆ ಕೊಡುವುದಾಗಿ ಸೋದರಮಾವ ಹೇಳಿಯಾಗಿತ್ತು. ಅವಳಿಗಿದ್ದದ್ದು ಈ ಕೋಣೆಯೊಂದೇ.

'ನನ್ನ ಅನ್ನಕ್ಕೇ ಕಲ್ಲು ಹಾಕಿದನಲ್ಲ...'

ಶನಿವಾರ ಮಧ್ಯಾಹ್ನ. ತಟ್ಟೆಯಲ್ಲಿ ಕೆಂಕೆ, ಮೆಕ್ಕೆಜೋಳದ ಕಡುಬು, ಮುಟ್ಟದೆ ಒಣಗಿತ್ತು. ಏನನ್ನು ಏರಿಸಬೇಕು, ಏನನ್ನು ಇಳಿಸಬೇಕು, ಒಂದೂ ತಿಳಿಯದೆ ಅವಳು ಸುಮ್ಮನೆ ಕೂತಿದ್ದಳು. ಅಳುವೂ ಬರುತ್ತಿರಲಿಲ್ಲ.

ಟ್ಯಾಕ್ಸಿ ನಿಂತಿತು. ಆಂಟ್ವಿ ನಾಲ್ಕು ಮೂಟೆ ಇಳಿಸಿದ.

"ನೋಡೋಕೆ ಬಂದ್ರಾ, ನಾನು ಹೇಗೆ ಮುಳುಗ್ತೀನಿ ಅಂತ?"

"ಬೈಯೋದು ಆಮೇಲೆ ಬೈಯಿರಿ. ಮೇಜನ್ನ ಯಾಕೆ ಕೋಣೆಯ ನಟ್ಟನಡುವೆ ಇಟ್ಟಿದ್ದೀರಿ?"

"ನಾಲ್ಕು ಗೋಡೆಗೂ ಸಮ ಇರಲಿ ಅಂತ."

"ಹಾಡು ಹಾಕಿ. ಹಾಕಿ ಇಲ್ಲಿ ಮೂಲೆಗೆ ಬನ್ನಿ."

ಮೂಲೆಗೆ ಹೋದ ಸೆರ್ವಾ ಅಲ್ಲೇ ನಿಂತುಬಿಟ್ಟಳು. ಅವನ ದನಿ ಎದೆಗೇ ಗುದ್ದಿತು. ಕುರ್ಚಿಗೆ ಮರಳಿದಳು. ದನಿ ಮಾಯ!

"ನಡುವೆ ಕೂತ್ರೆ ತಗ್ಗಿನ ದನಿಯನ್ನ ಈ ಕೋಣೆ ನುಂಗುತ್ತೆ, ಕೇಳಿಸದೆ ನೀವು ಏರಿಸ್ತಾ ಹೋದ್ರಿ," ಎಂದ ಅವನು. "ಮೂಟೆಗಳ ನಡುವೆ ಹಾಡಿದ್ರೆ ನನ್ನ ದನಿ ಗುಂಯ್ ಅನ್ನಲ್ಲ. ಅದಕ್ಕೇ ಇವನ್ನ ತಂದೆ."

ಮೂಲೆಗೊಂದು ಮೂಟೆ ನಿಂತಿತು. ಮೇಜನ್ನು ಇಬ್ಬರೂ ಒಂದು ಗೋಡೆಯ ಕಡೆಗೆ ಎಳೆದರು. ಅಲ್ಲಿ ಕೂತು ಕೇಳಿದಾಗ ಅವಳಿಗೆ ತಾನೇ ಮಾಡಿದ್ದು ಮೊದಲ ಬಾರಿ ಕೇಳಿಸಿತು. ಲಾರಿಯೇ ಸರಿ.

ಅವಳು ಇಳಿಸಿದಳು, ಮತ್ತೆ ಇಳಿಸಿದಳು. ಮೂರೂವರೆಗೆ ಹಾಡನ್ನು ಟ್ಯಾಕ್ಸಿಯಲ್ಲಿ ಹಾಕಿ ಕೇಳಿದರು. ಯಾವ ಬಾಗಿಲೂ ನಡುಗಲಿಲ್ಲ. ಹಾಡು ಬೊಆಡಿಯವರಿಗೆ ಹೋಯಿತು.

ನಾಲ್ಕಕ್ಕೆ ಫೋನ್ ಬಂತು. "ಇದೇ ಇರಲಿ ಕಣಮ್ಮ, ಚೆನ್ನಾಗಿದೆ. ಆಂಟ್ವಿ ಅವತ್ತೇ ನನ್ನ ಮನೆ ಮುಂದೆ ಕೂತು, ಇದು ಬೇಡ, ಆದ್ರೆ ಅವರೇ ಮಾಡಲಿ, ಶನಿವಾರದವರೆಗೆ ಬಿಡಿ ಅಂತ ಗೋಗರೆದ. ನಿನಗೆ ಹೇಳಲಿಲ್ವಾ ನಾನು?"

ಅರ್ಧ ಮಾತ್ರ ಹೇಳಿದ್ದರು.

ಸೆರ್ವಾ ಫೋನ್ ಇಟ್ಟು ಅವನ ಕಡೆ ತಿರುಗಿದಳು. ತಿಂಗಳುಗಳಿಂದ ಒಣಗಿದ್ದ ಕಣ್ಣು ತುಂಬಿತ್ತು.

"ಯಾಕೆ ಗೋಗರೆದಿರಿ?"

"ಹಾಡು ಚೆನ್ನಾಗಾಗಲಿ ಅಂತ."

"ಅಷ್ಟೇನಾ?"

ಅವನು ನೆಲ ನೋಡಿದ. "ಧ್ವನಿಮುದ್ರಣದ ದಿನ ನೀವು ಮೈಕು ಹಿಡ್ಕೊಂಡು ನನ್ನ ಎದುರು ನಿಂತಿದ್ರಿ. ಎರಡು ಸಾಲು ತಪ್ಪಾಗಿ ಹಾಡಿದೆ. ನಾನು ಯಾವತ್ತೂ ತಪ್ಪಾಗಿ ಹಾಡಲ್ಲ."

ಅವಳು ಕಣ್ಣೊರೆಸಿಕೊಂಡಳು.

"ತಂಡದಲ್ಲಿ ಇನ್ನೂ ಮೂರು ಜನಕ್ಕೆ ತಗ್ಗಿನ ದನಿ ಇದೆ. ಅವರದು ಕಮ್ಮಿ ಕೇಳುತ್ತೆ ಅಂತ ನನಗೆ ಅನ್ನಿಸಲೇ ಇಲ್ಲ. ಇಪ್ಪತ್ತು ದಿನ ನಿಮ್ಮೊಬ್ಬರ ದನಿಯನ್ನೇ ಹುಡುಕಿ ಹುಡುಕಿ ಏರಿಸಿದೆ."

"ಅದು ಕೋಣೆಯ ತಪ್ಪು."

"ಪೂರ್ತಿ ಅಲ್ಲ," ಎಂದಳು ಸೆರ್ವಾ.